ಮೂರನೆಯ ಮನೆಯ ಫ್ಲಾಕ್ಸ್

ನಮ್ಮ ಬೀದಿ ಬಳೆಯ ಹಾಗೆ ದುಂಡಗಿದೆ. ಮನೆಗಳೆಲ್ಲ ನಡುವಿನ ಬಾವಿಗೆ ಮುಖ ಮಾಡಿಕೊಂಡು ಕೂತಿವೆ, ಹಿತ್ತಲುಗಳು ಹೊರಸುತ್ತಿಗೆ ಬಿದ್ದಿವೆ. ಮಳೆಗಾಲ ಕಳೆದು ಮೊದಲ ಮಂಜು ಬಿದ್ದ ಬೆಳಿಗ್ಗೆ ಹಿಂಬಾಗಿಲು ತೆಗೆದರೆ ನಿನ್ನೆ ತನಕ ಎಡಗಡೆ ಮನೆಯವರದಾಗಿದ್ದ ಹಿತ್ತಲು ನಮ್ಮ ಬಾಗಿಲಿಗೆ ಬಂದು ನಿಂತಿರುತ್ತದೆ. ನಮ್ಮದು ಬಲಗಡೆಯವರಿಗೆ ಹೋಗಿರುತ್ತದೆ. ಮಣ್ಣು, ಮರ, ಬದನೆ ಪಾತಿ, ಬಟ್ಟೆ ಒಗೆಯುವ ಕಲ್ಲು, ಕಲ್ಲಿನ ಸಂದಿಯ ಕಪ್ಪೆ ಎಲ್ಲವೂ ಒಂದೊಂದು ಮನೆ ಮುಂದೆ. ಹೀಗೆ ಸರಿದು ಸರಿದು ಹಿತ್ತಲು ಬೀದಿಯನ್ನು ಸುತ್ತಿ ಬರುವ ಹೊತ್ತಿಗೆ ಮಡಿಲಲ್ಲಿದ್ದ ಮಗು ಹೈಸ್ಕೂಲಿನ ಬಾಗಿಲಿಗೆ ಬಂದಿರುತ್ತದೆ.

ನಮಗೆ ಇದು ಅಭ್ಯಾಸ. ಬಾಣಂತನ ಇರುವ ಮನೆಯವರು ಆ ವರ್ಷ ನಿಂಬೆಗಿಡದ ಹಿತ್ತಲು ಬರಲಿ ಎಂದು ಹರಕೆ ಹೊರುತ್ತಾರೆ. ಹೆಣ್ಣು ನೋಡಲು ಬಂದವರು ಜಾತಕದ ಜೊತೆಗೆ ಬರುವ ವರ್ಷ ನಿಮಗೆ ಯಾವ ಹಿತ್ತಲು ಎಂದು ಕೇಳುವುದುಂಟು. ಬಾಳೆಯ ಹಿತ್ತಲಾದರೆ ಮದುವೆ ಬೇಗ ಕುದುರುತ್ತದೆ. ನಮ್ಮ ಮಕ್ಕಳು ವಯಸ್ಸನ್ನೂ ಹಾಗೇ ಹೇಳುತ್ತಾರೆ, ನಾನು ನುಗ್ಗೆ ವರ್ಷ ಹುಟ್ಟಿದ್ದು, ಅವನು ಸೀಬೆ ವರ್ಷ ಹುಟ್ಟಿದ್ದು ಅಂತ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿ ಸಲ್ಲುವುದಿಲ್ಲ. ಅದು ಮದ್ದು ಎಂದು ತಿಳಿಯುವ ಹೊತ್ತಿಗೆ ಗಿಡ ಪಕ್ಕದ ಮನೆಯಲ್ಲಿರುತ್ತದೆ.

ಇದಕ್ಕೆ ಇರುವ ಕಾನೂನು ಒಂದೇ: ನನ್ನ ವರ್ಷ, ನನ್ನ ಹಿತ್ತಲು. ಆ ವರ್ಷ ನೀವು ಅಲ್ಲಿ ಏನು ಬಿತ್ತಿದರೂ, ಏನು ಕಿತ್ತರೂ ಕೇಳುವವರಿಲ್ಲ. ಇಷ್ಟವಾದ ಗಿಡವನ್ನು ಕಿತ್ತು ಉಳಿಸಿಕೊಳ್ಳಲು ನೋಡಿದವರಿದ್ದಾರೆ. ಕುಂಡಕ್ಕೆ ಹಾಕಿ ಅಡುಗೆಮನೆಯಲ್ಲಿಟ್ಟು ಚಿಲಕ ಹಾಕಿದರೂ ಮಂಜು ಬಿದ್ದ ಬೆಳಿಗ್ಗೆ ಆ ಕುಂಡ ಬಲಗಡೆ ಮನೆಯವರ ಹಿಂಬಾಗಿಲಲ್ಲಿ ಕೂತಿರುತ್ತದೆ. ಅದಕ್ಕೇ ನಮ್ಮವರು ಕೊತ್ತಂಬರಿ, ಮೆಂತ್ಯ, ದಂಟು, ಹೀರೆ ಎಂದು ಬೇಗ ಕೈಗೆ ಬರುವುದನ್ನು ಹಾಕಿಕೊಂಡು, ತಿಂದು, ಉಳಿದದ್ದನ್ನು ಮುಂದಿನವರಿಗೆ ಬಿಡುತ್ತಾರೆ. ಹಿಂದಿನವರು ನೆಟ್ಟ ಮರಗಳು ಮನೆಯಿಂದ ಮನೆಗೆ ತಿರುಗುತ್ತಿವೆಯೇ ಹೊರತು ಹೊಸದಾಗಿ ಯಾರೂ ಬಾಳುವಂಥದ್ದನ್ನು ನೆಡುತ್ತಿರಲಿಲ್ಲ. ಪಂಕಜಕ್ಕ ನೆಟ್ಟಳು, ಅದರ ಕಥೆ ಇದು.

ಪಂಕಜಕ್ಕ ನಮ್ಮ ಎಡಗಡೆ ಮನೆಯವಳು. ಗಂಡ ವಿಷಕಂಠಣ್ಣ ಸೈಕಲ್ ಶಾಪು ಇಟ್ಟಿದ್ದ. ಅವಳಿಗೆ ಐವತ್ತರ ಹತ್ತಿರ. ಅದುವರೆಗೆ ಯಾವುದರಲ್ಲೂ ಗೆದ್ದವಳಲ್ಲ. ಹಾಡಿನಲ್ಲಿ ಸೋತಿದ್ದಳು, ಚೀಟಿಯಲ್ಲಿ ಅವಳ ಹೆಸರು ಕೊನೆಗೇ ಬರುತ್ತಿತ್ತು. ಮಹಿಳಾ ಸಮಾಜದವರು ರಂಗೋಲಿ ಸ್ಪರ್ಧೆ ಇಟ್ಟಾಗ ಮಾತ್ರ ಎರಡನೆಯ ಬಹುಮಾನ ಬಂತು. ಮೊದಲನೆಯವರಿಗೆ ಸ್ಟೀಲಿನ ಡಬ್ಬ. ಪಂಕಜಕ್ಕನಿಗೆ, ಅತಿಥಿಯಾಗಿ ಬಂದಿದ್ದ ಬೆಟ್ಟದೂರಿನ ನರ್ಸರಿಯವರು ತಮ್ಮ ಕಡೆಯಿಂದ ಒಂದು ಪ್ಲಾಸ್ಟಿಕ್ ಕವರು ಕೊಟ್ಟರು. ಒಳಗೆ ತೇವದ ಮರದ ಹೊಟ್ಟು, ಹೊಟ್ಟಿನೊಳಗೆ ಶುಂಠಿಯ ಹಾಗೆ ಕವಲೊಡೆದ ಬೇರಿನ ಗಡ್ಡೆ. ಕವರಿನ ಮೇಲೆ ತೆಂಗಿನಕಾಯಿಯಷ್ಟು ದೊಡ್ಡ ಹೂಗೊಂಚಲಿನ ಚಿತ್ರ, ಕೆಳಗೆ ಫ್ಲಾಕ್ಸ್ ಎಂದು ಹೆಸರು. ನರ್ಸರಿಯವರು ಮೈಕಿನಲ್ಲೇ ವಿವರಿಸಿದರು: ಒಂದು ಸಲ ನೆಟ್ಟರೆ ವರ್ಷವರ್ಷವೂ ಅದೇ ಬುಡದಿಂದ ಚಿಗುರುತ್ತದೆ, ಮೊದಲ ವರ್ಷ ಬೇರು ಇಳಿಸುತ್ತದೆ, ಎರಡನೆಯ ವರ್ಷ ಒಂದಿಷ್ಟು ಹೂ ಕೊಡುತ್ತದೆ, ಚಿತ್ರದಲ್ಲಿರುವ ಹಾಗೆ ಆಗುವುದು ಮೂರನೆಯ ವರ್ಷಕ್ಕೆ. ಸಭೆಯಲ್ಲಿದ್ದ ನಮ್ಮ ಬೀದಿಯವರೆಲ್ಲ ನಕ್ಕುಬಿಟ್ಟರು. ಪರ ಊರಿನ ಆ ಮನುಷ್ಯನಿಗೆ ಯಾಕೆ ನಗುತ್ತಾರೆಂದು ಗೊತ್ತಾಗಲಿಲ್ಲ.

ಪಂಕಜಕ್ಕ ನಗಲಿಲ್ಲ. ಮನೆಗೆ ಬಂದವಳೇ ಹಿತ್ತಲಿನಲ್ಲಿ ಬೆಳಗಿನ ಬಿಸಿಲು ಬೀಳುವ ಜಾಗ ಹುಡುಕಿ ಅಗೆಯತೊಡಗಿದಳು. ವಿಷಕಂಠಣ್ಣ ಟ್ಯೂಬಿಗೆ ಪಂಚರ್ ಹಾಕುತ್ತಾ ಕೂತಿದ್ದವನು, ಮೂರನೆಯ ವರ್ಷಕ್ಕೆ ಅದು ಯಾರ ಮನೆಯಲ್ಲಿರುತ್ತೆ ಅಂತ ಯೋಚನೆ ಮಾಡಿದ್ದೀಯಾ ಎಂದು ಕೇಳಿದ. ಮುಡಿಯೋಕೂ ಆಗಲ್ಲ, ದೇವರ ತಲೆ ಮೇಲೂ ಏರಲ್ಲ, ಸಾರಿಗೂ ಬರಲ್ಲ, ಅದಕ್ಕೆ ಇಷ್ಟು ಒದ್ದಾಟ ಯಾಕೆ ಎಂದ.

"ನನಗೆ ಬಂದಿರೋದು ಇದೊಂದೇ ಬಹುಮಾನ," ಎಂದಳು ಪಂಕಜಕ್ಕ. "ಅದು ಪೂರ್ತಿ ಅರಳೋದನ್ನ ನಾನು ನೋಡಬೇಕು. ಹಿತ್ತಲು ಹೋದರೆ ಹೋಗಲಿ. ಅದರ ಹಿಂದೇನೇ ನಾನೂ ಹೋಗ್ತೀನಿ."

ಮೊದಲ ವರ್ಷ ನಿಜಕ್ಕೂ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ನಾಲ್ಕು ಬಡಕಲು ಕಡ್ಡಿ ಎದ್ದವು, ಮಳೆ ಹಿಡಿಯುವ ಮುಂಚೆ ಒಂದೆರಡು ತುದಿಯಲ್ಲಿ ಗುಂಡಿಯಗಲದ ಹೂ ಬಿಟ್ಟವು. ಆದರೆ ಪಂಕಜಕ್ಕ ಗಿಡದ ಸ್ವಭಾವ ತಿಳಿದುಕೊಂಡಳು. ಎಲೆಯ ಮೇಲೆ ನೀರು ಬಿದ್ದರೆ ಅದಕ್ಕೆ ಆಗದು, ಬುಡಕ್ಕೇ ಹಾಕಬೇಕು. ಗಾಳಿ ಆಡದಿದ್ದರೆ ಎಲೆಗೆ ಬೂದಿರೋಗ ಬರುತ್ತದೆ, ಯಾರೋ ವಿಭೂತಿ ಉದುರಿಸಿದ ಹಾಗೆ ಬೆಳ್ಳಗಾಗುತ್ತದೆ. ಹುಳಿ ಮಜ್ಜಿಗೆಯನ್ನು ನೀರಿಗೆ ಬೆರೆಸಿ ಚಿಮುಕಿಸಿದರೆ ಕಡಿಮೆಯಾಗುತ್ತದೆ ಎಂಬುದನ್ನು ಅವಳು ತಾನೇ ಮಾಡಿ ನೋಡಿ ಕಂಡುಕೊಂಡಳು. ಚಳಿ ಬಂದಾಗ ಗಿಡ ಪೂರ್ತಿ ಒಣಗಿತು. ಸತ್ತೇಹೋಯಿತು ಎಂದು ನಾನು ಅಂದುಕೊಂಡೆ. ಅವಳು ಒಣಕಡ್ಡಿ ಕತ್ತರಿಸಿ, ಬುಡಕ್ಕೆ ಹಟ್ಟಿಗೊಬ್ಬರ ಮುಚ್ಚಿ, ನಿದ್ದೆ ಮಾಡ್ತಿದೆ ಎಂದಳು.

ಮಂಜು ಬಿತ್ತು. ಆ ಹಿತ್ತಲು ನನ್ನ ಬಾಗಿಲಿಗೆ ಬಂತು.

ಅಂದು ಕಾಫಿಗೆ ಹಾಲು ಕಾಯಿಸುವ ಮುಂಚೆಯೇ ಪಂಕಜಕ್ಕ ನನ್ನ ಹಿಂಬಾಗಿಲಲ್ಲಿ ನಿಂತಿದ್ದಳು. ವೇಣಿ, ಈ ವರ್ಷ ನಿನ್ನದು, ನೀನು ಬೇಡ ಅಂದರೆ ನಾನು ಮಾತಾಡೋ ಹಾಗಿಲ್ಲ, ಆದರೆ ಅಷ್ಟು ಜಾಗ ನನಗೆ ಬಿಟ್ಟುಕೊಡು ಎಂದು ಕೇಳಿದಳು. ನಾನು ಬ್ಲೌಸು ಹೊಲಿಯುವವಳು, ಹಿತ್ತಲಿನ ಕಡೆ ನನಗೆ ಅಂಥ ಗಮನವಿರಲಿಲ್ಲ. ಆಗಲಿ ಎಂದೆ. ಆಮೇಲೆ ವರ್ಷವಿಡೀ ಅವಳು ಬಂದಳು. ಬೇಸಗೆ ಮುಂಚೆ ಕೆಂಪು ಮೊಳಕೆಗಳು ಗುಂಪಾಗಿ ಎದ್ದಾಗ ಸೊರಗಿದ್ದನ್ನು ಚಿವುಟಿ ಗಟ್ಟಿಯಾದದ್ದನ್ನು ಉಳಿಸಿದಳು. ಉಳಿದವು ಗೇಣುದ್ದ ಆದಾಗ ಕುಡಿಗಳನ್ನು ಉಗುರಿನಿಂದ ಕಿತ್ತುಹಾಕಿದಳು. ಬೆಳೆಯೋದನ್ನೇ ಕೀಳ್ತೀಯಲ್ಲ ಅಕ್ಕ ಎಂದೆ. ಕುಡಿ ಕಳಕೊಂಡ ಕಡೆ ಎರಡು ಕವಲು ಬರುತ್ತೆ, ನೋಡ್ತಿರು ಎಂದಳು. ಹಾಗೇ ಆಯಿತು. ಆ ವರ್ಷ ಏಳೆಂಟು ಗೊಂಚಲು ಬಂದವು, ಮುಷ್ಟಿಗಾತ್ರದವು. ಸಂಜೆಯಾಗುತ್ತಲೇ ಏಲಕ್ಕಿಗೂ ಜೇನಿಗೂ ನಡುವಿನ ಒಂದು ವಾಸನೆ ಹೊಲಿಗೆ ಮಿಷನ್ನಿನ ತನಕ ಬರುತ್ತಿತ್ತು. ಮಿಷನ್ ನಿಲ್ಲಿಸಿ ಸುಮ್ಮನೆ ಕೂರುವುದು ನನಗೂ ರೂಢಿಯಾಯಿತು. ಮಳೆಗಾಲ ಮುಗಿಯುತ್ತಾ ಬಂದ ಹಾಗೆ ಮಂಜಿಗೆ ಇನ್ನೆಷ್ಟು ದಿನ ಎಂದು ನಾನೇ ಲೆಕ್ಕ ಹಾಕತೊಡಗಿದೆ. ಯಾಕೆಂದರೆ ನನ್ನ ಬಲಗಡೆಯದು ಮರಿದೇವಣ್ಣನ ಮನೆ.

ಮರಿದೇವಣ್ಣನ ವಿಷಯ ಹೇಳಬೇಕು. ಅವನ ತಂದೆ ಕೆಂಚಜ್ಜ ವಯಸ್ಸಿನಲ್ಲಿದ್ದಾಗ ತನ್ನ ವರ್ಷದ ಹಿತ್ತಲಿನಲ್ಲಿ ಒಂದು ಹಲಸಿನ ಬೀಜ ಊರಿದ್ದ. ಸಸಿ ಮನೆಯಿಂದ ಮನೆಗೆ ಹೋಗುತ್ತಾ ಬೆಳೆದು, ಫಲ ಬಿಟ್ಟು, ಬೀದಿಯ ಅರ್ಧ ಮನೆಗಳವರಿಗೆ ತೊಳೆ ತಿನ್ನಿಸಿ, ಕೊನೆಗೆ ವಿಷಕಂಠಣ್ಣನ ಮನೆಗೆ ಬಂತು. ಅಲ್ಲಿಂದ ನಮ್ಮ ಮನೆ, ಆಮೇಲೆ ಕೆಂಚಜ್ಜನದೇ ಮನೆ. ಅಜ್ಜ ಜಗುಲಿಯ ಮೇಲೆ ಕೂತು ಇನ್ನೆರಡು ಮಂಜು, ಇನ್ನೆರಡು ಮಂಜು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಆ ವರ್ಷ ಗಾಳಿಗೆ ಹಲಸಿನ ಕೊಂಬೆಯೊಂದು ಮುರಿದು ವಿಷಕಂಠಣ್ಣನ ಅಡುಗೆಮನೆಯ ಹೆಂಚಿನ ಮೇಲೆ ಬಿತ್ತು. ಅವನು ಯಾರನ್ನೂ ಕೇಳಲಿಲ್ಲ. ಕೊಂಬೆ ಕಡಿಯಲು ಹೋದವನು ಮರವನ್ನೇ ಬುಡಕ್ಕೆ ಕಡಿದುಬಿಟ್ಟ. ನನ್ನ ವರ್ಷ, ನನ್ನ ಹಿತ್ತಲು. ಕಾನೂನಿನ ಪ್ರಕಾರ ತಪ್ಪಿಲ್ಲ. ಕೆಂಚಜ್ಜನ ಮನೆಗೆ ಬುಡದ ಮೋಟು ಬಂತು, ಅದನ್ನು ಕಂಡ ವರ್ಷವೇ ಅಜ್ಜ ತೀರಿಕೊಂಡ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದಿದ್ದ ವಿಷಕಂಠಣ್ಣನೂ ಮರಿದೇವಣ್ಣನೂ ಅಲ್ಲಿಂದಾಚೆ ಬಾವಿಕಟ್ಟೆಯಲ್ಲಿ ಎದುರಾದರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಈಗ ಹಿತ್ತಲು ಬೀದಿಯನ್ನು ಒಂದು ಪೂರ್ತಿ ಸುತ್ತು ಹಾಕಿತ್ತು. ಪಂಕಜಕ್ಕ ಫ್ಲಾಕ್ಸ್ ನೆಟ್ಟದ್ದು ಅದೇ ಹಲಸಿನ ಹಿತ್ತಲಿನಲ್ಲಿ, ಮೋಟು ಕೊಳೆತು ಗೊಬ್ಬರವಾಗಿದ್ದ ಕರಿಮಣ್ಣಿನಲ್ಲಿ.

ಮಂಜು ಬಿದ್ದ ಬೆಳಿಗ್ಗೆ ಪಂಕಜಕ್ಕ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ಆ ಮನೆಯ ಮುಂಬಾಗಿಲಿಗೆ ಹೋದಳು. ನಾನೂ ಜೊತೆಗೆ ಹೋದೆ. ಅಷ್ಟು ವರ್ಷಗಳಲ್ಲಿ ಅವಳು ಆ ಹೊಸ್ತಿಲ ಹತ್ತಿರ ಸುಳಿದಿರಲಿಲ್ಲ. ಮರಿದೇವಣ್ಣ ಜಗುಲಿಯಲ್ಲಿ ಗುದ್ದಲಿಗೆ ಮರದ ಕಾವು ಹಾಕುತ್ತಿದ್ದ. ಬನ್ನಿ ಎನ್ನಲಿಲ್ಲ, ಕೂತ್ಕೊಳ್ಳಿ ಎನ್ನಲಿಲ್ಲ. ಅವನ ಹೆಂಡತಿ ಸಾಕಮ್ಮ ಹಪ್ಪಳ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದಳು, ಆ ಬೇಸಗೆಗೆ ಹಿತ್ತಲನ್ನೆಲ್ಲ ಮಟ್ಟ ಮಾಡಿ, ದಮ್ಮಸು ಹಾಕಿ, ಸಗಣಿ ಸಾರಿಸಿ ಹಪ್ಪಳ ಒಣಗಿಸುವ ಕಣ ಮಾಡಬೇಕೆಂದು ಇಬ್ಬರೂ ಮೊದಲೇ ತೀರ್ಮಾನ ಮಾಡಿಕೊಂಡಿದ್ದರು. ಪಂಕಜಕ್ಕ ನಿಂತೇ ವಿಷಯ ಹೇಳಿದಳು. ಒಂದು ಚಾಪೆಯಷ್ಟು ಜಾಗ ಬಿಟ್ಟು ಉಳಿದದ್ದನ್ನೆಲ್ಲ ಕಣ ಮಾಡಿಕೊಳ್ಳಿ ಎಂದಳು.

"ಏನಿದೆ ಅಲ್ಲಿ? ಒಣಕಡ್ಡಿ," ಎಂದ ಮರಿದೇವಣ್ಣ.

"ಕೆಳಗೆ ಜೀವ ಇದೆ ಮರಿದೇವಣ್ಣ. ಈ ವರ್ಷ ಅದು ಪೂರ್ತಿ ಹೂ ಬಿಡೋ ವರ್ಷ."

ಅವನು ಗುದ್ದಲಿ ಕೆಳಗಿಟ್ಟ. "ನಮ್ಮಪ್ಪನ ಮರಕ್ಕೂ ಜೀವ ಇತ್ತು ಪಂಕಜಮ್ಮ. ಇನ್ನೆರಡು ಮಂಜು ಅಂತ ಆ ಮುದುಕ ಕಾಯ್ತಾ ಇದ್ದದ್ದು ನಿಮ್ಮನೆಯವರಿಗೂ ಗೊತ್ತಿತ್ತು."

ಪಂಕಜಕ್ಕ ಗಂಡನ ಪರ ವಹಿಸಲಿಲ್ಲ. ಅದು ತಪ್ಪೇ, ಆವತ್ತು ನಾನು ತಡೆಯಬೇಕಿತ್ತು, ತಡೆಯಲಿಲ್ಲ, ನಾನು ಕ್ಷಮೆ ಕೇಳ್ತೀನಿ ಎಂದು ಕೈಮುಗಿದಳು. ಕೊಡಲಿ ಹಿಡಿದದ್ದು ನೀವಲ್ಲವಲ್ಲ, ಹಿಡಿದವನು ಬಂದು ಹೇಳಲಿ ಎಂದು ಅವನು ಮತ್ತೆ ಗುದ್ದಲಿ ಎತ್ತಿಕೊಂಡ. ನನ್ನ ವರ್ಷ, ನನ್ನ ಹಿತ್ತಲು, ನೀವು ಒಳಗೆ ಕಾಲಿಡೋ ಹಾಗಿಲ್ಲ ಎಂದೂ ಸೇರಿಸಿದ.

ಮನೆಗೆ ಬಂದು ಅವಳು ವಿಷಕಂಠಣ್ಣನನ್ನು ಕೇಳಿದಳು. ಅವನು ಆಗದು ಎಂದ. ಕಾನೂನು ಬಿಟ್ಟು ಹೆಜ್ಜೆ ಇಟ್ಟಿಲ್ಲ, ನಾನ್ಯಾಕೆ ತಲೆ ತಗ್ಗಿಸಲಿ, ಅದೂ ಒಂದು ಹೂವಿಗೆ ಎಂದು ರೇಗಿದ. ಪಂಕಜಕ್ಕ ಎರಡನೆಯ ಸಲ ಕೇಳಲಿಲ್ಲ. ಅವಳ ಸ್ವಭಾವವೇ ಹಾಗೆ, ಒಂದು ಬಾಗಿಲು ತೆಗೆಯದಿದ್ದರೆ ಅದನ್ನು ಬಡಿಯುತ್ತಾ ಕೂರುವವಳಲ್ಲ, ಇನ್ನೊಂದು ಬಾಗಿಲು ಎಲ್ಲಿದೆ ಎಂದು ನೋಡುವವಳು. ಆ ವರ್ಷ ಅವಳ ಮನೆಗೆ ಬಂದಿದ್ದ ಹಿತ್ತಲು ಬೋಳು, ಹಿಂದಿನವರು ರಾಗಿ ಒಕ್ಕಿ ಕಲ್ಲಿನಂತೆ ಗಟ್ಟಿ ಮಾಡಿಟ್ಟಿದ್ದರು. ದಿನವಿಡೀ ಬಿಸಿಲು. ಅದನ್ನು ನೋಡುತ್ತಾ ನಿಂತವಳು ಸೀದಾ ಬಾವಿಕಟ್ಟೆಗೆ ಹೋಗಿ ಸಾಕಮ್ಮ ನೀರಿಗೆ ಬರುವುದನ್ನು ಕಾದಳು.

ಸಾಕಮ್ಮನ ಜೊತೆ ಆದ ಮಾತು ಕೆಲಸದ ಮಾತು. ನಿನಗೆ ಕಣ ಬೇಕು, ನನ್ನ ಹಿತ್ತಲೇ ಕಣದ ಹಾಗಿದೆ, ಸಾರಿಸಿಕೊಡ್ತೀನಿ, ಹಪ್ಪಳ ಹರಡಿ ತಿರುವಿ ಹಾಕ್ತೀನಿ, ಕಾಗೆ ಮೇಕೆ ಕಾಯ್ತೀನಿ. ನೀನು ನಿನ್ನ ಹಿತ್ತಲು ಅಗೆಯದೆ ಇರು, ನಾನು ಹೇಳಿದ ಹಾಗೆ ಗಿಡ ನೋಡಿಕೋ. ಸಾಕಮ್ಮನಿಗೆ ಹಿತ್ತಲು ಅಗೆದು ದಮ್ಮಸು ಹಾಕುವ ಕೆಲಸ ಯೋಚಿಸಿಯೇ ಸೊಂಟ ನೋಯುತ್ತಿತ್ತು. ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಆ ಮನೆಯ ಹಿತ್ತಲಿಗೆ ನಮ್ಮ ವಸ್ತು ಹೋಗಕೂಡದು ಎಂದು ಅವನು ಕೂಗಾಡಿದ. ಅವಳು ಹಿಟ್ಟು ನಾದುತ್ತಲೇ, "ಹಗೆ ನಿಮ್ಮದು. ಹಪ್ಪಳ ನಂದು," ಎಂದಳಂತೆ. ಆ ಮಾತು ಬೀದಿಯಲ್ಲಿ ಬಹಳ ದಿನ ಓಡಾಡಿತು.

ಹೀಗೆ ಒಪ್ಪಂದ ಆಯಿತು. ಬಿಸಿಲು ಏರುತ್ತಿದ್ದ ಹಾಗೆ ಸಾಕಮ್ಮನ ಉದ್ದಿನ ಹಪ್ಪಳ ತಟ್ಟೆತಟ್ಟೆಯಾಗಿ ನಮ್ಮ ಮನೆ ದಾಟಿ ಪಂಕಜಕ್ಕನ ಹಿತ್ತಲಿಗೆ ಬರುತ್ತಿತ್ತು. ಪಂಕಜಕ್ಕ ಕೋಲು ಹಿಡಿದು ಕಾಯುತ್ತಿದ್ದಳು. ಅವಳು ಊಟಕ್ಕೆ ಎದ್ದಾಗ ಕೋಲು ವಿಷಕಂಠಣ್ಣನ ಕೈಗೆ ಬರುತ್ತಿತ್ತು. ಮೊದಲು ಗೊಣಗಿದ. ಆಮೇಲೆ ಶಾಪಿನಿಂದ ಹಳೆಯ ಸೈಕಲ್ ಗಂಟೆಗಳನ್ನು ತಂದು ಹಗ್ಗಕ್ಕೆ ಕಟ್ಟಿ, ಹಗ್ಗದ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಪಂಚರ್ ಹಾಕುತ್ತಲೇ ಕಾಗೆ ಓಡಿಸುವ ಉಪಾಯ ಮಾಡಿಕೊಂಡ.

ಇತ್ತ ಗಿಡದ ಕಡೆ ಪಂಕಜಕ್ಕ ಕಾಲಿಡುವಂತಿರಲಿಲ್ಲ. ಅವಳು ನನ್ನ ಹಿತ್ತಲಿಗೆ ಬಂದು, ಬೇಲಿಯ ಪಕ್ಕ ಸ್ಟೂಲು ಹಾಕಿ, ಮೇಲೆ ನಿಂತು ಸಾಕಮ್ಮನಿಗೆ ಹೇಳಿಕೊಡುತ್ತಿದ್ದಳು. ಎಡಗಡೆಯದು ಸೊರಗಿದೆ, ಅದನ್ನ ತೆಗೆ. ಅದಲ್ಲ, ಅದರ ಪಕ್ಕದ್ದು. ನೀರು ಬುಡಕ್ಕೆ, ಎಲೆಗೆ ಬೇಡ. ಸಾಕಮ್ಮ ಅದನ್ನು ಪಲಾಕ್ಸು ಎನ್ನುತ್ತಿದ್ದಳು. ಕುಡಿ ಚಿವುಟುವ ದಿನ ಮಾತ್ರ ಅವಳ ಕೈ ಬರಲಿಲ್ಲ. ಬೆಳೆಯೋ ಮಕ್ಕಳ ತಲೆ ಚಿವುಟಿದ ಹಾಗಾಗುತ್ತೆ ಎಂದು ಹಿಂದೆ ಸರಿದಳು. ಸ್ಟೂಲಿನ ಮೇಲೆ ಪಂಕಜಕ್ಕ ಬೇಡಿಕೊಳ್ಳುತ್ತಿದ್ದಳು, ಕೆಳಗೆ ಸಾಕಮ್ಮ ತಲೆ ಅಲ್ಲಾಡಿಸುತ್ತಿದ್ದಳು. ಹಿಂಬಾಗಿಲಲ್ಲಿ ಬೀಡಿ ಸೇದುತ್ತಾ ನಿಂತಿದ್ದ ಮರಿದೇವಣ್ಣ ಇದನ್ನು ಒಂದಷ್ಟು ಹೊತ್ತು ನೋಡಿದ. ಬೀಡಿ ಎಸೆದು ಬಂದು, ಯಾರ ಮುಖವನ್ನೂ ನೋಡದೆ, ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಕುಡಿಯನ್ನು ಚಿವುಟಿ, ಎದ್ದು ಒಳಗೆ ಹೋದ. ಪಂಕಜಕ್ಕ ಸ್ಟೂಲಿನಿಂದ ಇಳಿದು ಅದನ್ನು ನನ್ನ ಹಿಂಬಾಗಿಲಿಗೆ ತಂದಿಟ್ಟಳು.

ಬೇಸಗೆ ನಡುವೆ ಒಂದು ಮಧ್ಯಾಹ್ನ, ಮೋಡದ ಸುಳಿವೇ ಇರದಿದ್ದ ದಿನ, ಪಂಕಜಕ್ಕ ರೇಷನ್ ತರಲು ಹೋಗಿದ್ದಳು. ಇದ್ದಕ್ಕಿದ್ದಂತೆ ಗಾಳಿ ಎದ್ದು ಪಡುವಣ ಕಪ್ಪಾಯಿತು. ಆ ದಿನ ಹಿತ್ತಲಿನಲ್ಲಿ ಹರಡಿದ್ದದ್ದು ಮದುವೆ ಮನೆಯೊಂದಕ್ಕೆ ಕೊಡಬೇಕಾದ ಹಪ್ಪಳ, ಸಾಕಮ್ಮನ ಹದಿನೈದು ದಿನದ ದುಡಿಮೆ. ವಿಷಕಂಠಣ್ಣ ಒಬ್ಬನೇ ಇದ್ದ. ನಾನು ಓಡಿ ಹೋಗುವಷ್ಟರಲ್ಲಿ ಅವನು ಪಂಚೆ ಎತ್ತಿಕಟ್ಟಿ ಅರ್ಧ ಬಾಚಿಯಾಗಿತ್ತು. ಸೀರೆಗಳ ಮೇಲೆ ಹರಡಿದ್ದನ್ನು ಸೀರೆ ಸಮೇತ ಮಡಚಿ, ಗಂಟು ಕಟ್ಟಿ, ಒಳಗೆ ಎಸೆಯುತ್ತಿದ್ದ. ಕೊನೆಯ ಗಂಟು ಕೈಗೆ ಬಂದಾಗ ದಪ್ಪ ಹನಿ ಶುರುವಾಯಿತು. ಅವನ ಅಡುಗೆಮನೆ ಹಲಸಿನ ಕೊಂಬೆ ಬಿದ್ದಂದಿನಿಂದಲೂ ಸೋರುತ್ತದೆ, ಹೆಂಚು ಬದಲಿಸಿದರೂ ಸೋರಿಕೆ ನಿಂತಿರಲಿಲ್ಲ. ಅಲ್ಲಿಟ್ಟರೆ ಹಪ್ಪಳ ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆಮೇಲೆ ಗಂಟುಗಳನ್ನೆಲ್ಲ ದೊಡ್ಡ ಬುಟ್ಟಿಗೆ ತುಂಬಿ, ಮೇಲೆ ಶಾಪಿನ ಟಾರ್ಪಾಲು ಹೊದೆಸಿ, ತಲೆಯ ಮೇಲೆ ಹೊತ್ತು, ಮಳೆಯಲ್ಲೇ ನಮ್ಮ ಮನೆ ದಾಟಿ ಮರಿದೇವಣ್ಣನ ಮನೆ ಕಡೆ ನಡೆದ. ನಾನು ಬುಟ್ಟಿಯ ಒಂದು ಬದಿ ಹಿಡಿದುಕೊಂಡು ಹಿಂದೆಯೇ ಹೋದೆ, ಅದಕ್ಕೇ ಮುಂದಿನದ್ದನ್ನು ಕಣ್ಣಾರೆ ಕಂಡೆ.

ಮರಿದೇವಣ್ಣ ಬಾಗಿಲಲ್ಲಿ ನಿಂತಿದ್ದ. ಹೆಂಡತಿಯ ದುಡಿಮೆ ನೀರು ಪಾಲಾಯಿತೆಂದು ಹೊರಡಲು ಗೋಣಿಚೀಲ ತಲೆಗೆ ಹಾಕಿಕೊಂಡಿದ್ದ. ವಿಷಕಂಠಣ್ಣ ಬುಟ್ಟಿಯನ್ನು ಹೊಸ್ತಿಲ ಒಳಗೆ ಇಳಿಸಿದ. ಸಾಕಮ್ಮ ಟಾರ್ಪಾಲು ಸರಿಸಿ, ಗಂಟು ಬಿಚ್ಚಿ, ಒಂದು ಹಪ್ಪಳ ಮುರಿದು ನೋಡಿದಳು. ಗರಿಗರಿ ಮುರಿಯಿತು. ಅವನ ಕೆಲಸ ಮುಗಿದಿತ್ತು, ತಿರುಗಿ ಹೋಗಬಹುದಿತ್ತು. ಹೋಗಲಿಲ್ಲ. ಸೂರಿನ ನೀರು ನೇರ ಬೆನ್ನಿಗೆ ಬೀಳುತ್ತಿದ್ದರೂ ಅಲ್ಲೇ ನಿಂತ.

"ಮರ ಕಡಿಯೋ ದಿನ," ಎಂದ ವಿಷಕಂಠಣ್ಣ, "ನಿಮ್ಮಪ್ಪ ಬೇಲಿ ಆಚೆ ಬಂದು ನಿಂತಿದ್ದರು. ನಾನು ನೋಡಿದೆ. ನೋಡದವನ ಹಾಗೆ ಕೊಡಲಿ ಹಾಕಿದೆ."

"ಗೊತ್ತು," ಎಂದ ಮರಿದೇವಣ್ಣ. "ಅವರನ್ನ ಕೈಹಿಡಿದು ಕರಕೊಂಡು ಬಂದವನು ನಾನೇ. ನಿನ್ನ ಸ್ನೇಹಿತ ಅಲ್ವಾ, ಒಂದು ಮಾತು ಹೇಳಿದರೆ ಬಿಡ್ತಾನೆ ಅಂತ ಅವರು ಅಂದರು. ನಾನು ಹೇಳಲಿಲ್ಲ. ನೀನೇ ನಿಲ್ಲಿಸ್ತೀಯ ಅಂದುಕೊಂಡೆ."

ವಿಷಕಂಠಣ್ಣ ಕೈಗಳನ್ನು ಪಂಚೆಗೆ ಒರೆಸಿಕೊಳ್ಳುತ್ತಲೇ ಇದ್ದ, ಪಂಚೆಯೂ ಒದ್ದೆಯೇ. ತಪ್ಪಾಯ್ತು ಎಂಬ ಮಾತನ್ನು ಅವನು ಆಡಿದ್ದನ್ನು ನಾನು ಕೇಳಲಿಲ್ಲ. ಕ್ಷಮಿಸಿದೆ ಎಂದು ಮರಿದೇವಣ್ಣನೂ ಅನ್ನಲಿಲ್ಲ. ಸಾಕಮ್ಮ ಒಳಗಿಂದ ಟವೆಲು ತಂದು ಗಂಡನ ಕೈಗೆ ಕೊಟ್ಟಳು. ಅವನು ಅದನ್ನು ಹಿಡಿದುಕೊಂಡು ಸುಮಾರು ಹೊತ್ತು ನಿಂತಿದ್ದು, ಕೊನೆಗೆ ವಿಷಕಂಠಣ್ಣನ ಹೆಗಲ ಮೇಲೆ ಹಾಕಿದ.

"ತಲೆ ಒರೆಸ್ಕೋ. ನಾಳೆ ನಿಮ್ಮನೆಯವರಿಗೆ ಬರೋಕೆ ಹೇಳು. ಆ ಗಿಡದ ಎಲೆಗೆ ಏನೋ ಬಿಳೀದು ಹಿಡಿದಿದೆ, ಇವಳಿಗೆ ಹೇಳಿದರೆ ನಂಬ್ತಿಲ್ಲ."

ಮಾರನೆಯ ಬೆಳಿಗ್ಗೆ ಪಂಕಜಕ್ಕ ಚೊಂಬಿನಲ್ಲಿ ಹುಳಿ ಮಜ್ಜಿಗೆ ಹಿಡಿದು ಆ ಮನೆಯ ಒಳಗಿಂದಲೇ ಹಿತ್ತಲಿಗೆ ಇಳಿದಳು. ನೋಡಿದರೆ ಅವಳು ಅಂದುಕೊಂಡದ್ದಕ್ಕಿಂತ ಸ್ಥಿತಿ ಕೆಟ್ಟಿತ್ತು. ಬೇಲಿಯಾಚೆ ಸ್ಟೂಲಿನಿಂದ ಮೇಲಿನ ಎಲೆಗಳಷ್ಟೇ ಕಾಣುತ್ತಿದ್ದವು, ಕೆಳಗಿನ ಎಲೆಗಳೆಲ್ಲ ಬೂದಿ ಬಳಿದುಕೊಂಡು ಮುದುರಿದ್ದವು. ಹಿಂದಿನ ದಿನದ ಮಳೆ ಅದಕ್ಕೆ ಇನ್ನಷ್ಟು ಇಂಬು ಕೊಡುವುದಿತ್ತು. ಗಿಡ ಹೋಯಿತೆಂದೇ ನನಗೆ ಅನ್ನಿಸಿತು. ಪಂಕಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಟ್ಟ ಎಲೆಗಳನ್ನು ಒಂದೂ ಬಿಡದೆ ಕಿತ್ತು ಸುಡಲು ಕೊಟ್ಟಳು. ಒತ್ತಾಗಿದ್ದ ಕಡ್ಡಿಗಳಲ್ಲಿ ಒಳ್ಳೆಯದನ್ನೂ ಸೇರಿಸಿ ಮೂರನೆಯ ಒಂದು ಭಾಗ ಕತ್ತರಿಸಿದಳು, ಗಾಳಿ ಆಡಲಿ ಎಂದು. ಕತ್ತರಿಸುವಾಗ ಅವಳ ಕೈ ಒಮ್ಮೆಯೂ ನಿಲ್ಲಲಿಲ್ಲ. ದಿನ ಬಿಟ್ಟು ದಿನ ಮಜ್ಜಿಗೆ ನೀರು. ಅವಳು ಬರಲಾಗದ ದಿನ ಮರಿದೇವಣ್ಣ ಚಿಮುಕಿಸುತ್ತಿದ್ದ, ಎಲೆಯ ಅಡಿಭಾಗಕ್ಕೂ ತಾಗಬೇಕೆಂದು ನೆಲಕ್ಕೆ ಒರಗಿಕೊಂಡು.

ಅರಳಿದ್ದು ಮುಂಗಾರಿನ ಬಾಗಿಲಲ್ಲಿ. ಮೊದಲು ಒಂದು ಗೊಂಚಲು, ಎರಡು ದಿನ ಬಿಟ್ಟು ಉಳಿದವೆಲ್ಲ ಒಟ್ಟಿಗೆ. ತಿಳಿ ಗುಲಾಬಿ ಬಣ್ಣ, ಪ್ರತಿ ಹೂವಿನ ನಡುವೆ ಕುಂಕುಮ ಇಟ್ಟಷ್ಟು ಕೆಂಪು. ಎರಡು ಕೈಯಲ್ಲಿ ಹಿಡಿದರೂ ತುಂಬಿ ಚೆಲ್ಲುವಂಥ ಗೊಂಚಲುಗಳು, ಭಾರಕ್ಕೆ ಕಡ್ಡಿ ಬಾಗಿ ಊರುಗೋಲು ಕೊಡಬೇಕಾಯಿತು. ಸಂಜೆ ಅದರ ವಾಸನೆ ಮನೆಗಳ ಸಂದಿಯಲ್ಲಿ ನುಗ್ಗಿ ಬಾವಿಕಟ್ಟೆಯ ತನಕ ಬರುತ್ತಿತ್ತು, ನೀರಿಗೆ ಬಂದವರು ಕೊಡ ತುಂಬಿದ ಮೇಲೂ ಹೊರಡುತ್ತಿರಲಿಲ್ಲ. ಪಂಕಜಕ್ಕ ಮೊದಲ ಸಂಜೆ ಗಿಡದ ಮುಂದೆ ಮಣೆ ಹಾಕಿಕೊಂಡು ಕೂತಳು. ಏನೂ ಮಾಡಲಿಲ್ಲ, ಮುಟ್ಟಲೂ ಇಲ್ಲ. ಕತ್ತಲಾಗುವ ತನಕ ನೋಡುತ್ತಲೇ ಇದ್ದಳು. ಸಾಕಮ್ಮ ಕೊಟ್ಟ ಕಾಫಿ ಪಕ್ಕದಲ್ಲೇ ಆರಿಹೋಯಿತು. ಹೇಗನ್ನಿಸ್ತಿದೆ ಅಕ್ಕ ಎಂದು ನಾನು ಕೇಳಿದ್ದಕ್ಕೆ, ಗೆದ್ದ ಹಾಗನ್ನಿಸ್ತಿದೆ ಎಂದಳು, ಅಷ್ಟೇ. ವಿಷಕಂಠಣ್ಣ ಆ ಮನೆಯ ಜಗುಲಿಯ ಮೇಲೆ ಮರಿದೇವಣ್ಣನ ಸೈಕಲ್ಲಿನ ಚೈನು ಬಿಗಿ ಮಾಡುತ್ತಿದ್ದ. ಒಳಗೆ ಬಂದು ನೋಡಲು ಅವನಿಗೆ ಇನ್ನೂ ನಾಲ್ಕು ದಿನ ಹಿಡಿಯಿತು.

ಬಾಡಿದ ಗೊಂಚಲನ್ನು ಕತ್ತರಿಸಿದ ಹಾಗೆ ಪಕ್ಕದಿಂದ ಹೊಸದು ಒಡೆದು, ಮಳೆಗಾಲ ಮುಗಿಯುವ ತನಕ ಹೂ ತಪ್ಪಲಿಲ್ಲ. ಅಂದುಕೊಂಡದ್ದನ್ನು ನೋಡಿಯಾಯಿತಲ್ಲ, ಇನ್ನು ಅವಳು ಬಿಡುತ್ತಾಳೆ ಎಂದುಕೊಂಡೆ. ಆದರೆ ಹವೆ ತಣ್ಣಗಾಗುತ್ತಿದ್ದ ಹಾಗೆ ಅವಳು ಒಣಕಡ್ಡಿ ಕತ್ತರಿಸಿ, ಬುಡಕ್ಕೆ ಗೊಬ್ಬರ ಮುಚ್ಚತೊಡಗಿದಳು. ಗೊಬ್ಬರದ ಬುಟ್ಟಿ ಹೊತ್ತು ತಂದವನು ಮರಿದೇವಣ್ಣ. ಅವನ ಬಲಗಡೆಯ ಮನೆ ಲೂರ್ದಮ್ಮನದು. ಲೂರ್ದಮ್ಮ ಕೋಳಿ ಸಾಕುವವಳು, ಹಿಂಡುಗಟ್ಟಲೆ ನಾಟಿಕೋಳಿ. ಅವಳ ಮನೆಗೆ ಬಂದ ಹಿತ್ತಲು ಮುಂದಿನ ಮನೆಗೆ ಹೋಗುವಾಗ ಒಂದು ಹುಲ್ಲುಕಡ್ಡಿಯೂ ಉಳಿದಿರುವುದಿಲ್ಲ, ಅಷ್ಟು ಕೆದಕಿರುತ್ತವೆ. ಮಾತಿನಲ್ಲೂ ಅವಳು ಖಡಕ್ಕು. ನನ್ನ ವರ್ಷ, ನನ್ನ ಕೋಳಿ ಎಂದು ಬೀದಿಗೆಲ್ಲ ಕೇಳುವ ಹಾಗೆ ಮೊದಲೇ ಸಾರಿಬಿಟ್ಟಿದ್ದಳು.

ಮಂಜು ಬಿದ್ದ ಬೆಳಿಗ್ಗೆ ಪಂಕಜಕ್ಕ ಒಳ್ಳೆಯ ಸೀರೆ ಉಟ್ಟು ಹೊರಬಂದಾಗ ವಿಷಕಂಠಣ್ಣ ಹಳೆಯ ಸೈಕಲ್ ಕಡ್ಡಿಗಳನ್ನು ಹೆಣೆದು ಮಾಡಿದ ಬೇಲಿಯ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಸಿದ್ಧನಾಗಿ ನಿಂತಿದ್ದ. ಸಾಕಮ್ಮ ನಮ್ಮನ್ನು ಕಂಡು ಸೇರಿಕೊಂಡಳು. ನಾವೆಲ್ಲ ಲೂರ್ದಮ್ಮನ ಮನೆ ಮುಂದೆ ಹೋದರೆ ಮರಿದೇವಣ್ಣ ಅಲ್ಲಿ ನಮಗಿಂತ ಮೊದಲೇ ಬಂದಿದ್ದ. ಲೂರ್ದಮ್ಮ ಕಾಳಿನ ಮೊರ ಸೊಂಟಕ್ಕೆ ಒತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತು, ಏನು ಕೇಳೋಕೆ ಬಂದಿದ್ದೀರೋ ಅದಕ್ಕೆ ಆಗಲ್ಲ ಅನ್ನೋದೇ ಉತ್ತರ ಎಂದಳು. ಪಂಕಜಕ್ಕ ಬಾಯಿ ತೆರೆಯುವಷ್ಟರಲ್ಲಿ ಮರಿದೇವಣ್ಣ ಜಗುಲಿಯ ಮೇಲೆ ಹೆಗಲ ವಸ್ತ್ರ ಹಾಸಿ, ಯಾರೂ ಕೂರು ಎನ್ನದಿದ್ದರೂ, ಕಾಲು ಮಡಚಿ ಕೂತ.

"ಲೂರ್ದಮ್ಮ, ಒಂದು ಲೋಟ ನೀರು ಕೊಡಿ," ಎಂದ. "ಹೇಳೋದು ಬಹಳ ಇದೆ, ನಾವು ಬೇಗ ಏಳೋರಲ್ಲ."